ಇಕ್ಕಳದ ಡಬ್ಬಿಯ ತಳ

ಮೈಕ್ರೋಬಯಾಲಜಿಯ ಮೊದಲ ಪ್ರಾಕ್ಟಿಕಲ್ ಮುಗಿದ ಮೇಲೆ ನಾನು ಹದಿನೇಳು ದಿನ ಕೈಯಿಂದ ಊಟ ಮಾಡಲಿಲ್ಲ. ದಿನ ಎಣಿಸಿದವಳು ನಾನಲ್ಲ, ಹಾಸ್ಟೆಲ್ಲಿನಲ್ಲಿ ನನ್ನ ಕೋಣೆಯಲ್ಲಿದ್ದ ರತ್ನ. ಜೋಳದ ರೊಟ್ಟಿಯನ್ನು ಚಮಚದಿಂದ ತಿನ್ನಲು ಹೊರಟವಳನ್ನು ಜನ್ಮದಲ್ಲಿ ಮೊದಲ ಸಲ ನೋಡುತ್ತಿದ್ದೇನೆ ಎಂದು ಅವಳು ಊಟದ ಕೋಣೆಗೆಲ್ಲ ಕೇಳುವ ಹಾಗೆ ಹೇಳಿದ್ದಳು. ಅಂದಿನಿಂದ ಮೂರು ವರ್ಷ ನನ್ನ ಹೆಸರು ಸಾಬೂನು ಸರೋಜ.

ಇದನ್ನೆಲ್ಲ ಈಗ ಬರೆಯಲು ಕಾರಣ ನನ್ನ ತಂಗಿಯ ಮೊಮ್ಮಗಳು. ಈ ವರ್ಷ ನರ್ಸಿಂಗ್ ಸೇರಿದ್ದಾಳೆ. ಹೋದ ತಿಂಗಳು ಫೋನ್ ಮಾಡಿ, "ಅಜ್ಜಿ, ಆ ಹುಳದ ಪಾಠ ಕೇಳಿದ್ರ ಹೊಟ್ಟಿ ತೊಳಸ್ತೈತಿ. ಬಿಟ್ಟು ಬಂದ್ಬಿಡ್ಲೇನು?" ಎಂದಳು. ಬಿಡಬೇಡ ಎಂದು ಹೇಳಿ ಫೋನ್ ಇಟ್ಟೆ. ಆದರೆ ಹೇಸಿಗೆ ಪಡಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಮೂವತ್ತೈದು ವರ್ಷ ನರ್ಸ್ ಆಗಿದ್ದವಳು ನಾನು. ಹೇಸಿಗೆ ಇದ್ದೂ ಕೆಲಸ ಮಾಡಬಹುದು. ಆದರೆ ಅದು ಎಲ್ಲಿ ಕೂತು ಕೆಲಸ ಕೆಡಿಸುತ್ತದೆ ಅನ್ನುವುದು ಗೊತ್ತಿರಬೇಕು. ನನ್ನದು ಒಂದು ಡಬ್ಬಿಯ ತಳದಲ್ಲಿ ಕೂತಿತ್ತು.

ನಮ್ಮದು ಕುರುಗೋಡು. ಅಪ್ಪನಿಗೆ ಕಾಳುಕಡಿಯ ಅಂಗಡಿ. ಮನೆಯಲ್ಲಿ ಅಜ್ಜಿಯದೇ ಆಡಳಿತ. ಬೆಳಿಗ್ಗೆ ಸ್ನಾನ, ಹಣೆಗೆ ವಿಭೂತಿ, ಎಡಗೈ ಮೇಲೆ ಲಿಂಗ ಇಟ್ಟುಕೊಂಡು ಪೂಜೆ, ಆಮೇಲೆಯೇ ಬಾಯಿಗೆ ನೀರು. ಹೊರಗಿಂದ ಬಂದವರು ಕೈಕಾಲು ತೊಳೆಯದೆ ಹೊಸ್ತಿಲು ದಾಟುವಂತಿರಲಿಲ್ಲ. ಅಡುಗೆ ಮನೆಯ ತಾಮ್ರದ ಕೊಡ ದಿನಾ ಹುಣಸೆಹಣ್ಣು ಹಚ್ಚಿಸಿಕೊಂಡು ಹೊಳೆಯುತ್ತಿತ್ತು. ಹಾಗಾಗಿ ನಾನು ಬಳ್ಳಾರಿಗೆ ನರ್ಸಿಂಗ್ ಓದಲು ಹೋದಾಗ, ಸ್ವಚ್ಛತೆಯ ವಿಷಯದಲ್ಲಿ ನನಗೆ ಯಾರೂ ಕಲಿಸಬೇಕಾದ್ದು ಏನೂ ಇಲ್ಲ ಎಂಬ ಧಿಮಾಕು ನನಗಿತ್ತು. ಆ ಧಿಮಾಕು ಇಳಿಸಿದವರು ಖಾದರ್ ಸರ್.

ಖಾದರ್ ಸರ್ ನಮಗೆ ಮೈಕ್ರೋಬಯಾಲಜಿ ಪ್ರಾಕ್ಟಿಕಲ್ ಕಲಿಸುತ್ತಿದ್ದರು. ತೆಳ್ಳನೆಯ ಮನುಷ್ಯ, ಬಿಳಿ ಕೋಟಿನ ಮೇಲಿನ ಎರಡು ಗುಂಡಿ ಯಾವಾಗಲೂ ಇರುತ್ತಿರಲಿಲ್ಲ. ಅವರ ಪಾಠದಲ್ಲಿ ಪುಸ್ತಕ ಕಡಿಮೆ. ಮೊದಲ ದಿನ ಒಬ್ಬೊಬ್ಬರ ಮುಂದೆ ಒಂದೊಂದು ಗಾಜಿನ ತಟ್ಟೆ ಇಟ್ಟರು. ಅದರೊಳಗೆ ಕಣ್ಣಿಗೆ ಕಾಣದ ಹುಳಗಳನ್ನು ಬೆಳೆಸುವ ಅಗಾರ್ ಎಂಬ ಗಟ್ಟಿಯಾದ ಗಂಜಿ, ನೋಡಲು ಥೇಟ್ ನಮ್ಮ ಮನೆಯ ಗಿಣ್ಣಿನ ಹಾಗೆ. ತಟ್ಟೆಯ ನಡುವೆ ಒಂದು ಗೆರೆ. ಒಂದು ಅರ್ಧಕ್ಕೆ ತೊಳೆಯದ ಬೆರಳು ಒತ್ತಬೇಕು, ಇನ್ನೊಂದಕ್ಕೆ ತೊಳೆದ ಬೆರಳು.

"ಯಾವ ಕೈ ಆದ್ರೂ ನಡೀತೈತೇನ್ರಿ ಸರ್?" ಎಂದು ಕೇಳಿದೆ.

"ನಿಂದೇ ಕೈ ಆದ್ರ ಸಾಕು ಬೇಟಿ."

ನಾನು ಎಡಗೈ ಆರಿಸಿಕೊಂಡೆ. ಬೆಳಿಗ್ಗೆ ಹಾಸ್ಟೆಲ್ಲಿನಲ್ಲೂ ಪೂಜೆ ತಪ್ಪಿಸುತ್ತಿರಲಿಲ್ಲ. ಎರಡು ಗಂಟೆಯ ಹಿಂದೆ ಲಿಂಗ ಹಿಡಿದ ಕೈ ಅದು. ಉಳಿದವರ ತಟ್ಟೆಯಲ್ಲಿ ಏನು ಬೆಳೆದರೂ ನನ್ನದರಲ್ಲಿ ಬೆಳೆಯುವುದಿಲ್ಲ ಎಂದು ನಂಬಿದ್ದೆ. ಇದನ್ನು ಬರೆಯುವಾಗ ಈಗ ನಗು ಬರುತ್ತದೆ. ಆಗ ಅದು ಗಣಿತದಷ್ಟು ಖಚಿತವಾಗಿತ್ತು.

ತಟ್ಟೆಗಳನ್ನು ಬೆಚ್ಚನೆಯ ಪೆಟ್ಟಿಗೆಯಲ್ಲಿ ಇಟ್ಟು ಎರಡು ದಿನ ಬಿಟ್ಟು ತೆಗೆದರು. ನನ್ನ ಹೆಸರು ಬರೆದ ತಟ್ಟೆಯಲ್ಲಿ ನನ್ನ ಐದು ಬೆರಳುಗಳೂ ಮೂಡಿದ್ದವು. ಬಿಳಿ ಚುಕ್ಕೆ, ಕೆನೆ ಬಣ್ಣದ ಚುಕ್ಕೆ, ಹೆಬ್ಬೆರಳಿನ ಜಾಗದಲ್ಲಿ ನಿಂಬೆಹಣ್ಣಿನಷ್ಟು ಹಳದಿಯಾದ ನಾಲ್ಕು ಚುಕ್ಕೆ. ತೊಳೆದ ಅರ್ಧದಲ್ಲೂ ಇದ್ದವು, ಸ್ವಲ್ಪ ಕಡಿಮೆ ಅಷ್ಟೇ. ರತ್ನ ನನ್ನದನ್ನೂ ತನ್ನದನ್ನೂ ಪಕ್ಕಪಕ್ಕ ಇಟ್ಟು, "ನಿನ್ನ ಬೆಳಿ ಭಾರೀ ಬಂದೈತಲೇ" ಎಂದಳು. ನನಗೆ ನಗು ಬರಲಿಲ್ಲ. ಹೇಸಿಗೆಯ ಜೊತೆಗೆ ಅವಮಾನವೂ ಆಗಿತ್ತು, ಯಾರೋ ನಮ್ಮ ಮನೆಯ ಹೊಸ್ತಿಲ ಮೇಲೆ ಕೆಸರುಗಾಲು ಇಟ್ಟ ಹಾಗೆ.

ಖಾದರ್ ಸರ್ ತಟ್ಟೆಗಳನ್ನು ಒಂದೊಂದಾಗಿ ಎತ್ತಿ ಮೂಗಿನ ಹತ್ತಿರ ಹಿಡಿದು ಮೂಸುತ್ತಿದ್ದರು. ಈಗ ಹಾಗೆ ಮಾಡಿದರೆ ಕೆಲಸದಿಂದ ತೆಗೆಯುತ್ತಾರೆ, ತೆಗೆಯಬೇಕು ಕೂಡ. ಆಗಿನವರಿಗೆ ಅರ್ಧ ವಿದ್ಯೆ ಮೂಗಿನಲ್ಲೇ ಇತ್ತು. ಬೇರೆ ಎಲ್ಲಿಂದಲೋ ತಂದ, ಹಸಿರು ಬಣ್ಣ ಬಿಟ್ಟ ಒಂದು ತಟ್ಟೆಯನ್ನು ನಮ್ಮ ಮುಂದೆ ಹಿಡಿದರು.

"ಈ ಹುಳದ ಹೆಸರು ಸೂಡೋಮೊನಾಸ್. ನೀರಿದ್ದಲ್ಲಿ ಇರ್ತೈತಿ. ಗಾಯಕ್ಕ ಹತ್ತಿದ್ರ ಕೀವು ಹಸಿರು. ವಾಸನಿ ಮಾತ್ರ ದ್ರಾಕ್ಷಿ ಹಣ್ಣಿಂದು. ಬರ್ರಿ, ನೋಡ್ರಿ."

ಎಲ್ಲರೂ ಸಾಲಾಗಿ ಹೋಗಿ ಮೂಸಿದರು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿಂದೆ ನಿಂತೆ. "ಸರೋಜಾ, ಪುಸ್ತಕ ಓದಿ ಪಾಸ್ ಆಗ್ತಿ. ವಾರ್ಡಿನಾಗ ಪುಸ್ತಕ ಇರೋದಿಲ್ಲ" ಎಂದರು, ಒತ್ತಾಯ ಮಾಡಲಿಲ್ಲ. ಆ ಒಂದು ವಾಸನೆ ತಪ್ಪಿಸಿಕೊಂಡದ್ದು ನನಗೆ ಎಷ್ಟಕ್ಕೆ ಬಿತ್ತು ಎನ್ನುವುದು ಮುಂದೆ ಬರುತ್ತದೆ.

ಆ ವಾರದಿಂದ ಚಮಚ. ಅದರ ಮುಂದಿನ ವಾರ ಮೊಸರಿನ ಒಂದು ತೊಟ್ಟನ್ನು ಸೂಕ್ಷ್ಮದರ್ಶಕದ ಕೆಳಗೆ ತೋರಿಸಿದರು, ಮೊಸರು ನಿಂತಿತು. ದೋಸೆ ಹಿಟ್ಟು ಹುದುಗುವುದು ಯಾತರಿಂದ ಎಂದು ತಿಳಿದ ದಿನ ದೋಸೆ ನಿಂತಿತು. ಬಸ್ಸಿನಲ್ಲಿ ಕಂಬಿ ಹಿಡಿಯುವುದು ಬಿಟ್ಟೆ, ಒಮ್ಮೆ ಮೋತಿ ವೃತ್ತದ ತಿರುವಿನಲ್ಲಿ ಒಬ್ಬ ಅಪರಿಚಿತ ಯಜಮಾನರ ಮಡಿಲಲ್ಲೇ ಹೋಗಿ ಬಿದ್ದೆ. ಪೂಜೆಯನ್ನೂ ಬಿಟ್ಟೆ. ಇದನ್ನು ಯಾರಿಗೂ ಹೇಳಲಿಲ್ಲ. ಆ ಹಳದಿ ಚುಕ್ಕೆಗಳ ಮೇಲೆ ಲಿಂಗ ಇಡುವುದು ಹೇಗೆ ಎಂದು ಕೈ ಹಿಂದೆಗೆಯುತ್ತಿತ್ತು.

ರಜೆಗೆ ಊರಿಗೆ ಹೋದಾಗ ಅಜ್ಜಿಯ ಕಣ್ಣು ತಪ್ಪಿಸಲು ಆಗಲಿಲ್ಲ. "ಯಾಕವ್ವಾ, ಪೂಜಿ ಮರ್ತೇನು?" ಎಂದಳು. ತಟ್ಟೆಯ ಕಥೆ ಪೂರ್ತಿ ಹೇಳಿದೆ. ಕೈ ಎಷ್ಟು ತೊಳೆದರೂ ಅವು ಹೋಗುವುದಿಲ್ಲ, ಅಂದ ಮೇಲೆ ತೊಳೆದು ಏನು ಫಲ ಎಂದೂ ಕೇಳಿದೆ. ಅಜ್ಜಿ ತೊಗರಿಬೇಳೆ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಕೈ ತೊಳಿಯೋದು ನಿನ್ನ ಸಲುವಾಗಿ ಅಂತ ಯಾರು ಹೇಳ್ಯಾರ ನಿನಗ? ಹಿಡಿಯೋದರ ಸಲುವಾಗಿ ತೊಳಿಯೋದು. ಏಳು, ಹಿತ್ತಲದಾಗ ನೀರು ಐತಿ."

ಎದ್ದು ತೊಳೆದುಕೊಂಡೆ, ಪೂಜೆ ಮಾಡಿದೆ. ಮಾತು ಮಾತ್ರ ತಲೆಗೆ ಹೋಗಲಿಲ್ಲ. ಅಜ್ಜಿಯಂದಿರ ಮಾತನ್ನು ಆ ವಯಸ್ಸಿನಲ್ಲಿ ಯಾರು ಕೇಳಿಸಿಕೊಳ್ಳುತ್ತಾರೆ? ಚಮಚ ಬಿಟ್ಟದ್ದು ಕೂಡ ಜ್ಞಾನೋದಯದಿಂದಲ್ಲ. ಹದಿನೆಂಟನೆಯ ದಿನ ಹಾಸ್ಟೆಲ್ಲಿನಲ್ಲಿ ಎಣ್ಣೆಗಾಯಿ ಮಾಡಿದ್ದರು, ಅದನ್ನು ಚಮಚದಿಂದ ತಿನ್ನಲು ನನ್ನಿಂದ ಆಗಲಿಲ್ಲ.

ಹೇಸಿಗೆ ಹೋಯಿತು ಎಂದುಕೊಂಡೆ. ಅದು ಹೋಗಿರಲಿಲ್ಲ, ಒಳ್ಳೆಯ ಹೆಸರು ಇಟ್ಟುಕೊಂಡು ನನ್ನಲ್ಲೇ ಉಳಿಯಿತು. ಎರಡನೆಯ ವರ್ಷ ವಾರ್ಡಿನ ಕೆಲಸಕ್ಕೆ ಹಾಕಿದಾಗ ನಮ್ಮ ಮೇಟ್ರನ್ ಬೆಳಿಗ್ಗೆ ಬಂದು ಮಂಚದ ಕಂಬಿಗೆ ಬೆರಳು ತಾಗಿಸಿ ಧೂಳು ನೋಡುತ್ತಿದ್ದರು. ನನ್ನ ಸಾಲಿನ ಮಂಚದಲ್ಲಿ ಅವರಿಗೆ ಎಂದೂ ಧೂಳು ಸಿಗಲಿಲ್ಲ. "ಸರೋಜನ್ನ ನೋಡಿ ಕಲೀರಿ" ಎಂದು ಎಲ್ಲರ ಮುಂದೆ ಹೇಳುತ್ತಿದ್ದರು. ಆಗ ಗಾಜಿನ ಸಿರಿಂಜನ್ನು ಕುದಿಸಿ ಬಳಸುತ್ತಿದ್ದೆವು. ಕೈಗವಸನ್ನೂ ತೊಳೆದು ಹಗ್ಗಕ್ಕೆ ಒಣಹಾಕಿ, ಪೌಡರ್ ಹಚ್ಚಿ, ಮತ್ತೆ ಬಳಸುವ ಕಾಲ. ಹಿತ್ತಲಿನ ಹಗ್ಗದ ಮೇಲೆ ನಲವತ್ತು ಕೈಗಳು ಗಾಳಿಗೆ ಟಾಟಾ ಮಾಡುತ್ತಿದ್ದವು. ಒಂದೊಂದು ಮಂಚಕ್ಕೂ ಒಂದೊಂದು ಕೈ ತೊಳೆಯುವ ದ್ರಾವಣದ ಬಾಟಲಿ ಇರುವ ಈಗಿನ ವಾರ್ಡು ನೋಡಿದವರಿಗೆ ಇದು ಕಟ್ಟುಕಥೆ ಅನ್ನಿಸಬಹುದು.

ಈಗ ಡಬ್ಬಿಯ ವಿಷಯ. ಡ್ರೆಸಿಂಗ್ ಮಾಡುವಾಗ ಕುದಿಸಿಟ್ಟ ಹತ್ತಿ, ಬಟ್ಟೆ ಎತ್ತಿಕೊಳ್ಳಲು ಒಂದು ಉದ್ದ ಇಕ್ಕಳ ಇರುತ್ತಿತ್ತು. ಅದನ್ನು ಒಂದು ಎತ್ತರದ ಸ್ಟೀಲ್ ಡಬ್ಬಿಯಲ್ಲಿ, ಹಳದಿ ಲೋಷನ್ನಿನೊಳಗೆ ನಿಲ್ಲಿಸಿ ಇಡುತ್ತಿದ್ದೆವು. ಲೋಷನ್ ಎಂದರೆ ಹುಳ ಸಾಯಿಸುವ ಔಷಧಿ ನೀರು. ನಿಯಮದ ಪ್ರಕಾರ ದಿನಾ ಡಬ್ಬಿ ಖಾಲಿ ಮಾಡಬೇಕು, ತಿಕ್ಕಿ ತೊಳೆಯಬೇಕು, ಕುದಿಸಬೇಕು, ಹೊಸ ಲೋಷನ್ ತುಂಬಬೇಕು. ವಿದ್ಯಾರ್ಥಿಯಾಗಿದ್ದಾಗ ಒಮ್ಮೆ ಹಾಗೆ ತೊಳೆಯಲು ಕೈ ಹಾಕಿದೆ. ಯಾರೋ ಬಹಳ ದಿನ ತೊಳೆಯದೆ ಬಿಟ್ಟಿದ್ದ ಡಬ್ಬಿ. ತಳದಲ್ಲಿ ಬೆರಳಿಗೆ ಲೋಳೆ ಹತ್ತಿತು. ಅಲ್ಲೇ ಸಿಂಕಿನಲ್ಲಿ ವಾಂತಿ ಮಾಡಿಕೊಂಡೆ. ಅದಾದ ಮೇಲೆ ನಾನು ಡಬ್ಬಿಯ ತಳ ಮುಟ್ಟಲಿಲ್ಲ. ಲೋಷನ್ ಕಡಿಮೆಯಾದರೆ ಮೇಲಿಂದ ಸುರಿಯುತ್ತಿದ್ದೆ. ಹುಳ ಸಾಯಿಸುವ ನೀರಿನಲ್ಲಿ ಹುಳ ಎಲ್ಲಿಂದ ಬರಬೇಕು? ವಾಸನೆ ಘಮ್ಮೆನ್ನುತ್ತಿತ್ತು, ಬಣ್ಣ ಚೆನ್ನಾಗಿತ್ತು, ಡಬ್ಬಿಯ ಹೊರಮೈ ನನ್ನ ಕೈಯಲ್ಲಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ಬಳ್ಳಾರಿಯಲ್ಲಿದ್ದಷ್ಟು ದಿನ ಇದು ಬಯಲಿಗೆ ಬರಲಿಲ್ಲ. ಅಲ್ಲಿ ಪಾಳಿ ಬದಲಾಗುತ್ತಿತ್ತು, ನಾನು ತೊಳೆಯದ್ದನ್ನು ಇನ್ನೊಬ್ಬರು ತೊಳೆಯುತ್ತಿದ್ದರು. ಐದಾರು ವರ್ಷದ ಮೇಲೆ ಸಿರುಗುಪ್ಪದ ಒಂದು ಸಣ್ಣ ಆಸ್ಪತ್ರೆಗೆ ಬಂದೆ. ಅದರ ಹೆಸರು ಬರೆಯುವುದಿಲ್ಲ, ತಪ್ಪು ಆಸ್ಪತ್ರೆಯದಲ್ಲ. ಅಲ್ಲಿ ಡ್ರೆಸಿಂಗ್ ಕೋಣೆಯ ಬೀಗದ ಕೈ ನನ್ನ ಸೊಂಟದಲ್ಲಿ. ಆಯಾಗಳು ಸರಿಯಾಗಿ ಕೈ ತೊಳೆಯುವುದಿಲ್ಲ ಎಂದು ಅವರಿಗೆ ಡಬ್ಬಿ ಮುಟ್ಟಗೊಡುತ್ತಿರಲಿಲ್ಲ. ಹಾಗಾಗಿ ಅದನ್ನು ಯಾರೂ ತೊಳೆಯಲಿಲ್ಲ.

ಭತ್ತದ ನಾಟಿಗೆ ಇನ್ನೂ ಎರಡು ತಿಂಗಳು ಇರುವಾಗ ಲಕ್ಷ್ಮಿ ಎಂಬ ಹೆಣ್ಣುಮಗಳು ಹೆರಿಗೆಗೆ ಬಂದಳು. ಕಾಲುವೆ ಪಕ್ಕದ ಒಂದು ಕ್ಯಾಂಪಿನವಳು, ಆಂಧ್ರದಿಂದ ಬಂದವರು ನೆಲೆಸಿದ ಊರಿಗೆ ನಮ್ಮ ಕಡೆ ಕ್ಯಾಂಪ್ ಎನ್ನುತ್ತಾರೆ. ಗಂಡ ರೈಸ್ ಮಿಲ್ಲಿನಲ್ಲಿ ಹಮಾಲಿ, ಇವಳು ನಾಟಿ ಹಚ್ಚುವ ಕೂಲಿ. ಜೊತೆಗೆ ಅತ್ತೆ ನರಸಮ್ಮ, ಅರ್ಧ ತೆಲುಗು ಅರ್ಧ ಕನ್ನಡ ಮಾತಾಡುವ ಮುದುಕಿ. ಹೊಟ್ಟೆ ಕೊಯ್ದು ಮಗು ತೆಗೆಯಬೇಕಾಯಿತು. ಹೆಣ್ಣು ಕೂಸು, ಗಟ್ಟಿಮುಟ್ಟಾಗಿತ್ತು. ನರಸಮ್ಮ ಅದನ್ನು ಕೆಳಗೆ ಇಟ್ಟರೆ ಕೇಳಿ. ಇಪ್ಪತ್ತು ವರ್ಷದ ಹಿಂದೆ ಅವಳೇ ಹೆತ್ತ ಎರಡು ಕೂಸು ಉಳಿದಿರಲಿಲ್ಲವಂತೆ. ಮಡಿಲಲ್ಲಿ ಇಟ್ಟುಕೊಂಡು ಬೆರಳಿನಿಂದ ಹುಬ್ಬು ತೀಡುತ್ತಾ ದಿನವೆಲ್ಲ ಅದಕ್ಕೆ ಏನೋ ಹೇಳುತ್ತಿದ್ದಳು.

ಎರಡು ದಿನದ ಹಿಂದೆ ನಾನೇ ಬದಲಿಸಿದ್ದ ಲಕ್ಷ್ಮಿಯ ಗಾಯದ ಪಟ್ಟಿಯನ್ನು ಐದನೆಯ ದಿನ ಬಿಚ್ಚಿದೆ. ಬಟ್ಟೆಗೆ ಹಸಿರು ಹತ್ತಿತ್ತು. ಹೊಲಿಗೆಯ ಒಂದು ತುದಿ ಬಾಯಿ ಬಿಟ್ಟಿತ್ತು. ಸಿಹಿಯಾದ ಒಂದು ವಾಸನೆ ಬಂತು. ಯಾವ ವಾಸನೆ ಎಂದು ನನಗೆ ಗೊತ್ತಾಗಲಿಲ್ಲ. ಗೊತ್ತಾಗುವುದು ಹೇಗೆ, ಮೂಸಲು ಹೇಳಿದ ದಿನ ಮೂಗು ಮುಚ್ಚಿಕೊಂಡಿದ್ದೆ. ಡಾಕ್ಟರು ಬಂದು ನೋಡಿ, "ಇದು ಎಲ್ಲಿಂದ ಬಂತು ಸಿಸ್ಟರ್?" ಎಂದು ಕೇಳಿದರು. ನಾನು ಸುತ್ತ ನೋಡಿದೆ. ಮಂಚದ ಪಕ್ಕ ನರಸಮ್ಮ ಕೂತಿದ್ದಳು. ಬಾಣಂತಿಗೆ ಹಚ್ಚಲು ಅರಿಸಿನ ಎಣ್ಣೆ ಕಲಸಿದ್ದ ಅವಳ ಅಂಗೈ ಹಳದಿಯಾಗಿತ್ತು, ಉಗುರಿನ ಸಂದಿಯಲ್ಲಿ ಮಣ್ಣಿನ ಕಪ್ಪು ಗೆರೆ. ನನಗೆ ಬೇಕಾದ್ದು ಸಿಕ್ಕಿತು.

"ನೋಡ್ರಿ ಸರ್, ಆ ಕೈ ನೋಡ್ರಿ!" ಎಂದೆ. ಆಮೇಲೆ ಮುದುಕಿಯ ಕಡೆ ತಿರುಗಿ, ಇಡೀ ವಾರ್ಡಿಗೆ ಕೇಳುವಂತೆ ಕೂಗಾಡಿದೆ. "ಎಷ್ಟು ಸಲ ಹೇಳ್ಬೇಕು ನಿನಗ? ನಿನ್ನ ಕೈಯಾಗಿನ ಹುಳ ಎಲ್ಲಾ ನಿನ್ನ ಸೊಸಿ ಹೊಟ್ಟಿಗೆ ಹೋಗ್ಯಾವ. ನಾಳೆ ಕೂಸಿಗೂ ಹತ್ತತಾವ. ಅದರ ಮೈ ಮುಟ್ಟಬ್ಯಾಡ. ಹೊರಗ ನಡಿ."

ನಲ್ಲಿಯ ಹತ್ತಿರ ಎಳೆದುಕೊಂಡು ಹೋಗಿ ಕೈ ತೊಳೆಯುವುದನ್ನು ಕಲಿಸಿದೆ. ಅಂಗೈ, ಮುಂಗೈ, ಬೆರಳ ಸಂದಿ, ಹೆಬ್ಬೆರಳು, ಉಗುರು. ತೊಳೆದ ಕೈಯನ್ನು ಅವಳು ಸೀರೆಗೆ ಒರೆಸಿಕೊಂಡಾಗ ಮತ್ತೆ ಬೈದು ಮತ್ತೆ ತೊಳೆಸಿದೆ. ನರಸಮ್ಮ ತನ್ನ ಎರಡು ಕೈಗಳನ್ನೂ ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಆ ನೋಟ ನನಗೆ ಗೊತ್ತಿದ್ದ ನೋಟವೇ. ಹಾಸ್ಟೆಲ್ಲಿನಲ್ಲಿ ನಾನೂ ನನ್ನ ಎಡಗೈಯನ್ನು ಹಾಗೇ ನೋಡಿಕೊಂಡಿದ್ದೆ. ಆದರೂ ನನ್ನ ಬಾಯಿ ನಿಲ್ಲಲಿಲ್ಲ. ಆ ದಿನದಿಂದ ಅವಳು ಜಗಲಿಯ ಮೇಲೆ ಕೂರತೊಡಗಿದಳು. ಕೂಸು ಅತ್ತರೆ ಕಿಟಕಿಯಿಂದ ಇಣುಕುತ್ತಿದ್ದಳು, ಒಳಗೆ ಬರುತ್ತಿರಲಿಲ್ಲ.

ವಾರದೊಳಗೆ ಇನ್ನೊಬ್ಬ ರೋಗಿಯ ಗಾಯ ಹಸಿರಾಯಿತು. ಅವರು ಬೇರೆ ಕೋಣೆಯವರು, ಅವರ ಮುಖವನ್ನು ನರಸಮ್ಮ ಕಂಡೂ ಇರಲಿಲ್ಲ. ಆಗ ಡಾಕ್ಟರು ಗಾಯದಿಂದ, ಕೈಗಳಿಂದ, ಮೇಜಿನಿಂದ ಹತ್ತಿಯ ಕಡ್ಡಿಯಲ್ಲಿ ಒರೆಸಿ ಬಳ್ಳಾರಿಗೆ ಪರೀಕ್ಷೆಗೆ ಕಳಿಸಲು ಹೇಳಿದರು. ನಾನೇ ಎಲ್ಲವನ್ನೂ ತೆಗೆದೆ. ನರಸಮ್ಮನ ಕೈಯನ್ನು ಎರಡು ಕಡ್ಡಿಯಲ್ಲಿ ಒರೆಸಿದೆ, ಒಂದರಲ್ಲಿ ತಪ್ಪಿದರೆ ಇನ್ನೊಂದರಲ್ಲಿ ಸಿಕ್ಕಲಿ ಎಂದು. ನನ್ನ ಕೈಯದನ್ನೂ ತೆಗೆದೆ, ಹೋಲಿಸಿ ನೋಡಲಿ ಎಂದು. ಎಲ್ಲವನ್ನೂ ಚೀಲದಲ್ಲಿಟ್ಟುಕೊಂಡು ಬಳ್ಳಾರಿಯ ಬಸ್ ಹತ್ತಿದೆ.

ಲ್ಯಾಬಿನಲ್ಲಿ ಖಾದರ್ ಸರ್ ಇನ್ನೂ ಇದ್ದರು. ಕೋಟಿನ ಗುಂಡಿ ಈಗ ಮೂರು ಹೋಗಿದ್ದವು. ಯಾವ ಕಡ್ಡಿ ಎಲ್ಲಿಯದು ಎಂದು ನಾನು ಬರೆದಿದ್ದ ಪಟ್ಟಿ ನೋಡಿದರು.

"ಲೋಷನ್ ಎಲ್ಲಿ?"

"ಯಾವ ಲೋಷನ್ ಸರ್?"

"ಇಕ್ಕಳದ ಡಬ್ಬಿಯಾಗಿಂದು."

ನಾನು ನಕ್ಕುಬಿಟ್ಟೆ. "ಅದರಾಗ ಹುಳ ಎಲ್ಲಿರ್ತಾವ ಸರ್?"

"ನಗಬ್ಯಾಡ. ಹೋಗಿ ತಗೊಂಬಾ" ಎಂದರು.

ಮರುದಿನ ಒಂದು ಶೀಷೆಯಲ್ಲಿ ಡಬ್ಬಿಯ ತಳದ ಲೋಷನ್ ತಂದು ಕೊಟ್ಟೆ. ಮೂರು ದಿನ ಬಿಟ್ಟು ಹೋದಾಗ ತಟ್ಟೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದರು. ನರಸಮ್ಮನ ಕೈಯದು ಎರಡು ತಟ್ಟೆ: ಬಿಳಿ ಚುಕ್ಕೆ, ಕೆನೆ ಚುಕ್ಕೆ, ಒಂದೆರಡು ಹಳದಿ. ನನ್ನ ಕೈಯದೂ ಹಾಗೇ. ಎಲ್ಲ ಮನುಷ್ಯರ ಚರ್ಮದ ಮೇಲೆ ಇರುವಂಥವು. ಲಕ್ಷ್ಮಿಯ ಗಾಯದ್ದು ಹಸಿರು, ಇನ್ನೊಬ್ಬರ ಗಾಯದ್ದೂ ಹಸಿರು. ಲೋಷನ್ನಿನ ತಟ್ಟೆಯಲ್ಲಿ ಚುಕ್ಕೆಗಳೇ ಇರಲಿಲ್ಲ. ಅಂಚಿನಿಂದ ಅಂಚಿಗೆ ಒಂದೇ ಹಸಿರು ಹಾಸು, ನಾಟಿ ಹಚ್ಚಿದ ಗದ್ದೆಯ ಹಾಗೆ.

"ಮೂಸು" ಎಂದರು ಖಾದರ್ ಸರ್.

ಮೂಸಿದೆ. ದ್ರಾಕ್ಷಿ. ಲಕ್ಷ್ಮಿಯ ಹಾಸಿಗೆಯ ಪಕ್ಕ ನಿಂತಾಗ ಬಂದ ವಾಸನೆ ಅದೇ.

"ಲೋಷನ್ನಿನಾಗೂ ಬದುಕ್ತೈತಿ ಇದು. ತಳದಾಗ ಲೋಳಿ ಕಟ್ಕೊಂಡು ಆರಾಮ್ ಕೂತಿರ್ತೈತಿ, ನೀ ಮ್ಯಾಲಿಂದ ಸುರುವಿದ್ರ ಅದಕ್ಕೇನೂ ಆಗೋದಿಲ್ಲ. ಡಬ್ಬಿ ಯಾರು ತೊಳೀತಾರ?"

"ನಾನೇ ನೋಡ್ಕೋತೀನಿ ಸರ್, ಯಾರಿಗೂ ಮುಟ್ಟಗೊಡೋದಿಲ್ಲ."

"ನೋಡ್ಕೋತಿ, ಖರೆ. ತೊಳಿಯೋದು ಯಾರು?"

ತಟ್ಟೆಯ ಮುಚ್ಚಳ ಮುಚ್ಚಿದೆ. ಖಾದರ್ ಸರ್ ಮತ್ತೆ ಕೇಳಲಿಲ್ಲ. ಚಹಾ ತರಿಸಿ ಕೊಟ್ಟರು, ಬಸ್ಸಿನ ಹೊತ್ತಾಯಿತು ಎಂದು ಎಬ್ಬಿಸಿ ಕಳಿಸಿದರು.

ಅಂದೇ ಸಂಜೆ ಡಬ್ಬಿ ಖಾಲಿ ಮಾಡಿದೆ. ತೋಳು ಮೇಲೇರಿಸಿ ಕೈ ಹಾಕಿದೆ. ಲೋಳೆ ಇತ್ತು. ವಾಂತಿ ಬಂತು, ಒಮ್ಮೆ ಹೋಗಿ ಮಾಡಿಕೊಂಡು ಬಂದು ಮತ್ತೆ ಕೈ ಹಾಕಿ ತಿಕ್ಕಿದೆ. ಕೈಗವಸು ಹಾಕಿಕೊಂಡೇ ತೊಳೆಯಬೇಕಿತ್ತು, ನೀವು ಹಾಕಿಕೊಂಡೇ ತೊಳೆಯಿರಿ. ನಾನು ಆವತ್ತು ಬೇಕೆಂದೇ ಬರಿಗೈ ಹಾಕಿದೆ.

ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಮುಖ ಕೆಂಪಗೆ ಮಾಡಿಕೊಂಡು ಕಾಲು ಗಂಟೆ ಬೈದರು. ಬೈಸಿಕೊಂಡದ್ದು ನ್ಯಾಯವೇ. ಹುಳ ಯಾವುದೆಂದು ಗೊತ್ತಾದ ಮೇಲೆ ತಕ್ಕ ಔಷಧಿ ಸಿಕ್ಕಿತು, ಎರಡೂ ಗಾಯ ಮಾಗಿದವು. ಲಕ್ಷ್ಮಿ ಕೂಸು ಎತ್ತಿಕೊಂಡು ಮನೆಗೆ ಹೋದಳು. "ಇದನ್ನ ಪೇಷಂಟ್ ಕಡೆಯವರಿಗೆ ಹೇಳಕ್ಕೆ ಹೋಗಬೇಡಿ ಸಿಸ್ಟರ್. ವಾಸಿ ಆಯ್ತಲ್ಲ, ಸುಮ್ನೆ ಯಾಕೆ ರಂಪ" ಎಂದರು ಡಾಕ್ಟರು. ನನಗೂ ಅದೇ ಬೇಕಿತ್ತು. ಸುಮ್ಮನಾದೆ.

ತಿಂಗಳು ಕಳೆದ ಮೇಲೆ ಲಕ್ಷ್ಮಿ ಕೂಸಿನ ತೂಕ ನೋಡಿಸಲು ಬಂದಳು. ಒಬ್ಬಳೇ ಬಂದಿದ್ದಳು, ಬಸ್ ಸ್ಟ್ಯಾಂಡಿನಿಂದ ಕೂಸು ಎತ್ತಿಕೊಂಡು ನಡೆದು ಬಂದು ಹೊಟ್ಟೆ ಹಿಡಿದುಕೊಂಡು ಕೂತಳು. ಭಾರ ಎತ್ತಬೇಡ ಎಂದಿರಲಿಲ್ಲವೇ, ಅತ್ತೆ ಎಲ್ಲಿ ಎಂದು ಕೇಳಿದೆ.

"ಅತ್ತಿ ಕೂಸು ಮುಟ್ಟೋದಿಲ್ಲರಿ. ಅಳಾಕತ್ತಿದ್ರ ದೂರ ಕುಂತು ತಾನೂ ಅಳ್ತಾಳ, ಎತ್ಕೊಳ್ಳೋದಿಲ್ಲ. 'ನನ್ನ ಕೈ ಕೆಟ್ಟ ಕೈ, ಮೊದಲಿನ ಎರಡು ಕೂಸೂ ನನ್ನ ಕೈಯಿಂದನ ಹೋದ್ವೇನೋ' ಅಂತಾಳ. ನಾಟಿ ಚಾಲೂ ಆಗೈತಿ, ನಾ ಹೋಗಾಕ ಬೇಕು. ಕೂಸು ಯಾರ ಕೈಗೆ ಕೊಡ್ಲಿ ನಾನು?"

ನಾನು ಕೂಸಿನ ತೂಕ ಬರೆದೆ. ತೂಕ ಸರಿ ಇತ್ತು. ಚೀಟಿ ಕೈಗೆ ಕೊಟ್ಟು ಅವಳನ್ನು ಕಳಿಸಿದೆ. ಆ ಎರಡು ಕೂಸುಗಳ ಮಾತು ನನ್ನನ್ನು ಕೊರೆಯಿತು. ನಾನು ಹೇಳಿದ ಸುಳ್ಳು ಆ ಮುದುಕಿಯ ಹಿಂದಿನ ಇಪ್ಪತ್ತು ವರ್ಷಕ್ಕೂ ಹತ್ತಿಕೊಂಡಿತ್ತು. ನನಗೆ ನನ್ನ ಮೇಲೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಹೇಳಿದರೆ ಕ್ಯಾಂಪಿನವರೆಲ್ಲ ಆಸ್ಪತ್ರೆಗೆ ಬಂದು ಗಲಾಟೆ ಮಾಡಬಹುದು, ಕೆಲಸ ಹೋಗಬಹುದು. ಮೂರು ದಿನ ಇದನ್ನೇ ಯೋಚಿಸುತ್ತಾ ಎಲ್ಲರ ಮೇಲೂ ಸಿಡುಕಿದೆ. ನಾಲ್ಕನೆಯ ದಿನ ವಾರದ ರಜೆ ಇತ್ತು. ಟೆಂಪೋ ಹತ್ತಿ ಕ್ಯಾಂಪಿಗೆ ಹೋದೆ.

ಬಿಸಿಲೇರಿದ ಹೊತ್ತು. ಲಕ್ಷ್ಮಿ ಬಾಗಿಲಲ್ಲಿ ಕೂಸಿಗೆ ಹಾಲು ಕುಡಿಸುತ್ತಿದ್ದಳು. ನರಸಮ್ಮ ಅಂಗಳದ ಆಚೆ ತುದಿಯಲ್ಲಿ, ಬೇವಿನ ಮರದ ಕೆಳಗೆ ಕೂತಿದ್ದಳು. ನನ್ನನ್ನು ಕಂಡದ್ದೇ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ಮುಂದೆ ಹೋಗಿ ಕೂತೆ. ಸುತ್ತಿ ಬಳಸಿ ಹೇಳಲು ಏನೇನೋ ಸಿದ್ಧ ಮಾಡಿಕೊಂಡು ಬಂದಿದ್ದೆ, ಒಂದೂ ನೆನಪಾಗಲಿಲ್ಲ.

"ನರಸಮ್ಮ, ಹುಳ ಹತ್ತಿದ್ದು ನಿನ್ನ ಕೈಯಿಂದ ಅಲ್ಲ. ಬಳ್ಳಾರಿಗೆ ಕಳ್ಸಿ ಪರೀಕ್ಷಾ ಮಾಡ್ಸೀವಿ. ನಿನ್ನ ಕೈ ಎಲ್ಲರ ಕೈಯಂಗ ಐತಿ, ನನ್ನ ಕೈಯಂಗ ಐತಿ. ನಾನು ಗಾಯಕ್ಕ ಹತ್ತಿ ಎತ್ತೋ ಇಕ್ಕಳದ ಡಬ್ಬಿ ಇತ್ತಲ್ಲ, ಅದರಾಗ ಇತ್ತು ಹುಳ. ಅದನ್ನ ನಾ ತೊಳ್ದಿರಲಿಲ್ಲ. ತಪ್ಪು ನಂದು. ನಿನ್ನ ಮೊದಲಿನ ಕೂಸುಗೋಳಿಗೂ ನಿನ್ನ ಕೈಗೂ ಸಂಬಂಧ ಇಲ್ಲ."

ಲಕ್ಷ್ಮಿ ಹಾಲು ಬಿಡಿಸಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಹತ್ತಿರ ಬಂದು ನಿಂತಳು. ಅವಳ ಮುಖ ಬಿಗಿದಿತ್ತು. "ನೀವು ಎಲ್ಲರ ಮುಂದ ಅಂದ್ರಿ" ಎಂದಳು. ಹೌದು, ಎಲ್ಲರ ಮುಂದೆ ಅಂದೆ ಎಂದು ಒಪ್ಪಿಕೊಂಡೆ.

ನರಸಮ್ಮ ಸೆರಗಿನಿಂದ ಕೈ ಹೊರಗೆ ತೆಗೆದು ನೋಡಿಕೊಂಡಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು.

"ಒಂದೂವರಿ ತಿಂಗ್ಳಾತು ತಲ್ಲೀ" ಎಂದಳು ಕೊನೆಗೆ. "ಒಂದೂವರಿ ತಿಂಗ್ಳಿಂದ ಈಕಿನ್ನ ಎತ್ತಿಲ್ಲ ನಾನು."

ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು.

"ಡಬ್ಬಿ ತೊಳ್ದ್ಯಾ?"

"ತೊಳ್ದೆ."

"ಯಾರು, ಆಯಾ ತೊಳ್ದಳಾ?"

"ಇಲ್ಲ. ನಾನೇ, ಕೈ ಹಾಕಿ ತಿಕ್ಕಿ ತೊಳ್ದೆ. ದಿನಾ ತೊಳೀತೀನಿ."

ನರಸಮ್ಮ ಎದ್ದಳು. ಬಚ್ಚಲ ಕಲ್ಲಿನ ಹತ್ತಿರ ಹೋಗಿ ಸೊಸೆಗೆ ನೀರು ಹಾಕಲು ಸನ್ನೆ ಮಾಡಿದಳು. ಲಕ್ಷ್ಮಿ ಒಂದು ಕೈಯಲ್ಲಿ ಕೂಸು ಹಿಡಿದು ಇನ್ನೊಂದು ಕೈಯಲ್ಲಿ ಚೊಂಬು ಬಗ್ಗಿಸಿದಳು. ಮುದುಕಿ ಸಾಬೂನು ಹಚ್ಚಿ ಅಂಗೈ ತಿಕ್ಕಿದಳು, ಮುಂಗೈ ತಿಕ್ಕಿದಳು, ಬೆರಳ ಸಂದಿ, ಹೆಬ್ಬೆರಳು, ಉಗುರು, ನಾನು ಬೈದು ಕಲಿಸಿದ್ದರಲ್ಲಿ ಒಂದನ್ನೂ ಬಿಡಲಿಲ್ಲ. ಕೈಯನ್ನು ಸೀರೆಗೆ ಒರೆಸಿಕೊಳ್ಳಲಿಲ್ಲ. ಎರಡು ಕೈಗಳನ್ನೂ ಗಾಳಿಯಲ್ಲಿ ಮೇಲೆ ಹಿಡಿದು, ಒಣಗುವ ತನಕ ಬಿಸಿಲಿನಲ್ಲಿ ನಿಂತಳು. ಒಣಗಿದ ಮೇಲೆ ಮುಂದೆ ಚಾಚಿದಳು. ಲಕ್ಷ್ಮಿ ಕೂಸನ್ನು ಕೊಟ್ಟಳು.

ನರಸಮ್ಮ ಅದನ್ನು ಎದೆಗೆ ಒತ್ತಿಕೊಳ್ಳಲಿಲ್ಲ, ಮುದ್ದು ಕೊಡಲಿಲ್ಲ. ಅಂಗೈ ಮೇಲೆ ತಲೆ ಇಟ್ಟುಕೊಂಡು ಮುಖ ನೋಡುತ್ತಾ ನಿಂತಳು, ಕಣ್ಣಿನಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಮೆಲ್ಲಗೆ ಒಂದು ಬೆರಳಿನಿಂದ ಅದರ ಹುಬ್ಬು ತೀಡಿದಳು.

ನಾನು ಹೊರಡಲು ಎದ್ದೆ. ಚಪ್ಪಲಿ ಹಾಕಿಕೊಳ್ಳುವಾಗ ಅವಳು ಕರೆದಳು.

"ಎಲ್ಲಿಗೆ ಹೊಂಟಿ? ಬಾ ಇಲ್ಲಿ. ಸೊಸಿ ನೀರು ಹಾಕ್ತಾಳ, ನೀನೂ ಕೈ ತೊಳ್ಕೊ. ತೊಳ್ಕೊಂಡು ಎತ್ಕೊಳ್ಳುವಂತಿ."

ಚಪ್ಪಲಿ ಬಿಟ್ಟು, ಬಚ್ಚಲ ಕಲ್ಲಿನ ಹತ್ತಿರ ಹೋಗಿ ಎರಡೂ ಕೈ ಮುಂದೆ ಹಿಡಿದೆ.